ಕಾರ್ಡು ಕಪಾಟಿನಲ್ಲಿ, ಆಟಗಾರ ಮನೆಯಲ್ಲಿ

ಮ್ಯಾಜಿಕ್: ದ ಗ್ಯಾದರಿಂಗ್, ಪೋಕೆಮಾನ್, ಯುಗಿಯೋ ಮುಂತಾದ, ಕಾರ್ಡು ಕೊಂಡು, ಬದಲಿಸಿಕೊಂಡು ತಮ್ಮದೇ ಕಟ್ಟು (ಡೆಕ್) ಮಾಡಿಕೊಂಡು ಆಡುವ ಟ್ರೇಡಿಂಗ್ ಕಾರ್ಡ್ ಆಟಗಳ ಬಗ್ಗೆ ಬಂದ ಐದು ಪತ್ರಗಳಿಗೆ ಈ ಸಲ ಉತ್ತರ. ಹೆಚ್ಚಿನವರು ಮ್ಯಾಜಿಕ್ ಬಗ್ಗೆಯೇ ಕೇಳಿರುವುದರಿಂದ ಲೆಕ್ಕಗಳೆಲ್ಲ ಅದರವೇ.

ಪ್ರಶ್ನೆ: ಮಗ ಎರಡು ವರ್ಷ ತಪ್ಪದೆ ಬೆಂಗಳೂರಿಗೆ ಹೋಗಿ ಟೂರ್ನಮೆಂಟ್ ಆಡುತ್ತಿದ್ದ. ಈಗ ಹೋಗುವುದೇ ಇಲ್ಲ. ಆಟ ಬೇಜಾರಾಯಿತೇ ಎಂದರೆ ಇಲ್ಲ ಅನ್ನುತ್ತಾನೆ, ಮನೆಯಲ್ಲಿ ಗೆಳೆಯರ ಜೊತೆ ಆಡುತ್ತಲೇ ಇರುತ್ತಾನೆ. ಸೋತು ಸೋತು ಬಿಟ್ಟನೇ? (ಮೈಸೂರು)

ಉತ್ತರ: ಸೋಲು ಒಂದು ಕಾರಣ ಇರಬಹುದು. ಆದರೆ ಮೊದಲು ಅವನ ಭಾನುವಾರದ ಲೆಕ್ಕ ಹಾಕಿ ನೋಡಿ. 40 ಮಂದಿ ಬಂದರೆ ಆರು ಸುತ್ತು. ಒಂದು ಸುತ್ತಿಗೆ 50 ನಿಮಿಷ, ಅದರಲ್ಲಿ ಮೂರು ಆಟ, ಎರಡು ಗೆದ್ದವನಿಗೆ ಪಂದ್ಯ. ಸಮಯ ಮುಗಿದ ಮೇಲೂ ಐದು ಸರದಿ ಆಡಲು ಬಿಡುತ್ತಾರೆ. ಆಮೇಲೆ ಫಲಿತಾಂಶ ಬರೆಸಬೇಕು, ಮುಂದಿನ ಜೋಡಿ ಪಟ್ಟಿ ಬರಬೇಕು, ಎಲ್ಲರೂ ಮೇಜು ಹುಡುಕಿ ಕೂರಬೇಕು. ಹೀಗೆ ಸುತ್ತೊಂದಕ್ಕೆ 65ರಿಂದ 70 ನಿಮಿಷ ಹಿಡಿಯುತ್ತದೆ. ಆರು ಸುತ್ತಿಗೆ ಹತ್ತಿರ ಹತ್ತಿರ ಏಳು ಗಂಟೆ, ಮೊದಲ ಎಂಟರಲ್ಲಿ ಬಂದವನಿಗೆ ಇನ್ನೂ ಮೂರು ನಾಕೌಟ್ ಸುತ್ತು. ವೇಗದ ಡೆಕ್ ಹಿಡಿದವನು 20 ನಿಮಿಷಕ್ಕೆ ಪಂದ್ಯ ಮುಗಿಸಿ ಉಳಿದ ಮುಕ್ಕಾಲು ಗಂಟೆ ಗೋಡೆ ನೋಡುತ್ತಾ ಕೂರುತ್ತಾನೆ. ಇದರ ಮೇಲೆ ಮೈಸೂರಿನಿಂದ ಹೋಗಿಬರುವ ಪ್ರಯಾಣ.

ಎರಡನೆಯದು ಸ್ವಿಸ್ ಪದ್ಧತಿ. ಚೆಸ್ ಆಡುವವರಿಗೆ ಗೊತ್ತಿರುವುದೇ: ಸೋತರೂ ಹೊರಬೀಳುವುದಿಲ್ಲ, ಪ್ರತಿ ಸುತ್ತಿನಲ್ಲೂ ನಿಮ್ಮಷ್ಟೇ ಅಂಕದವರ ಎದುರು ಕೂರಿಸುತ್ತಾರೆ. ಡ್ರಾ ಆಗದಿದ್ದರೆ ಎರಡು ಸುತ್ತು ಮುಗಿಯುವಾಗ ಕಾಲು ಭಾಗ ಜನ ಎರಡನ್ನೂ ಗೆದ್ದಿರುತ್ತಾರೆ, ಅರ್ಧ ಜನ ಒಂದೊಂದು, ಉಳಿದ ಕಾಲು ಭಾಗ ಎರಡನ್ನೂ ಸೋತಿರುತ್ತಾರೆ. 40ರಲ್ಲಿ ಹತ್ತು ಮಂದಿ! ಅವರು ಎಷ್ಟೇ ಜಾಣರಿರಲಿ, ಯಾರೋ ಹತ್ತು ಮಂದಿ ಅಲ್ಲಿರಲೇಬೇಕು. ಉಳಿದ ನಾಲ್ಕನ್ನೂ ಗೆದ್ದರೂ ಮೊದಲ ಎಂಟರಲ್ಲಿ ಜಾಗ ಸಿಗುವುದು ಕಷ್ಟ. ಅಂಕ ಸಮವಾದಾಗ ನಿಮ್ಮ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ ಎಂದು ನೋಡುತ್ತಾರೆ, ಮೊದಲೇ ಸೋತವನಿಗೆ ಆಮೇಲೆ ಸಿಗುವುದು ಸೋತವರೇ. ಹಾಗಾಗಿ ಮೊದಲ ಎರಡು ಸುತ್ತಿನ ಸೋಲು ಕೊನೆಯ ಎರಡರ ಸೋಲಿಗಿಂತ ದುಬಾರಿ. ಮಧ್ಯಾಹ್ನ ಊಟಕ್ಕೆ ಮೊದಲೇ ದಿನ ಮುಗಿದಂತೆ.

ಇನ್ನು ಅದೃಷ್ಟ. 60 ಕಾರ್ಡಿನ ಡೆಕ್‌ನಲ್ಲಿ 24 ಲ್ಯಾಂಡ್ (ಬೇರೆ ಕಾರ್ಡು ಆಡಲು ಬೇಕಾದ ಶಕ್ತಿ, ಅಂದರೆ ಮನಾ, ಕೊಡುವ ಕಾರ್ಡು) ಇದ್ದರೆ, ಮೊದಲು ಎತ್ತಿದ ಏಳರಲ್ಲಿ ಲ್ಯಾಂಡ್ ಒಂದೂ ಇಲ್ಲದೆ, ಅಥವಾ ಒಂದೇ ಬಂದು, ಇಲ್ಲವೇ ಆರೋ ಏಳೋ ಬಂದು ಕೈ ಕೆಡುವ ಸಂಭವ 100ಕ್ಕೆ 15–16. ಏಳೂ ಕಾರ್ಡನ್ನು ವಾಪಸ್ ಹಾಕಿ ಬೇರೆ ಏಳು ಎತ್ತಬಹುದು. 2019ರಿಂದ ಇರುವ ನಿಯಮದಂತೆ ಅದರಲ್ಲಿ ಒಂದನ್ನು ಡೆಕ್‌ನ ಅಡಿಗೆ ಸೇರಿಸಬೇಕು, ಅಂದರೆ ಒಂದು ಕಾರ್ಡ್ ಕಡಿಮೆ ಇಟ್ಟುಕೊಂಡೇ ಆಟ ಶುರು. ಗೆಳೆಯರ ಮನೆಯಲ್ಲಿ ಇಂಥ ಆಟವನ್ನು ನಕ್ಕು ಬಿಟ್ಟು ಇನ್ನೊಂದು ಹಾಕುತ್ತಾರೆ. ಟೂರ್ನಮೆಂಟಿನಲ್ಲಿ ಅದು ಮೂರರಲ್ಲಿ ಒಂದು ಆಟ.

ಕಾಲೇಜಿನ ಹುಡುಗನಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಸೇರಿದವನಿಗೆ ವಾರಕ್ಕಿರುವುದು ಒಂದೇ ಭಾನುವಾರ. ನಿಮ್ಮ ಮಗ ಆಟ ಬಿಟ್ಟಿಲ್ಲ, ಸಾಲು ನಿಲ್ಲುವುದನ್ನು ಬಿಟ್ಟಿದ್ದಾನೆ.

ಪ್ರಶ್ನೆ: ಇಲ್ಲಿ ಆರು ತಿಂಗಳಿಗೊಮ್ಮೆ ಡೆಕ್ ಹೊಸದು ಮಾಡಬೇಕಾಗಿ ಬಂದಿದೆ. ಕೈ ಸುಡುತ್ತಿದೆ. ಕಾರ್ಡು ಮಾರಿ ಬಿಟ್ಟುಬಿಡಲೇ? (ನ್ಯೂಜೆರ್ಸಿ)

ಉತ್ತರ: ನೀವು ಆಡುತ್ತಿರುವುದು ಸ್ಟ್ಯಾಂಡರ್ಡ್ (ಇತ್ತೀಚಿನ ಕಾರ್ಡುಗಳನ್ನಷ್ಟೇ ಬಳಸುವ ಮ್ಯಾಜಿಕ್ ಬಗೆ) ಎಂದು ಊಹಿಸುತ್ತೇವೆ. ಅಲ್ಲಿ ಹಳೆಯ ಸೆಟ್‌ಗಳು (ಒಟ್ಟಿಗೆ ಬಿಡುಗಡೆಯಾದ ಕಾರ್ಡುಗಳ ಗುಂಪುಗಳು) ಸರದಿಯ ಮೇಲೆ ಹೊರಹೋಗುತ್ತವೆ. 2023ರಲ್ಲಿ ಆ ಅವಧಿಯನ್ನು ಎರಡು ವರ್ಷದಿಂದ ಮೂರಕ್ಕೆ ಏರಿಸಿದರು, ಡೆಕ್ ಹೆಚ್ಚು ಕಾಲ ಬಾಳಲಿ ಎಂದು. ಆದರೆ ಹೊಸ ಸೆಟ್‌ಗಳೂ ಹೆಚ್ಚಾದವು. 2025ರಲ್ಲಿ ಸ್ಟ್ಯಾಂಡರ್ಡ್‌ಗೆ ಆರು ಸೆಟ್ ಬಂದವು, ಅಂದರೆ ಸರಾಸರಿ ಎರಡು ತಿಂಗಳಿಗೊಂದು. ಡೆಕ್ ನಿಯಮದ ಪ್ರಕಾರ ಉಳಿಯುತ್ತದೆ, ಗೆಲ್ಲುವುದು ನಿಲ್ಲುತ್ತದೆ. ನಿಷೇಧ ಬೇರೆ: ಅದೇ ವರ್ಷ ಜೂನ್ 30ರಂದು ಒಂದೇ ಪ್ರಕಟಣೆಯಲ್ಲಿ ಏಳು ಕಾರ್ಡುಗಳು ಹೊರಬಿದ್ದವು. ಪೋಕೆಮಾನ್‌ನಲ್ಲಿ ಕಾರ್ಡಿನ ಕೆಳಮೂಲೆಯ ಅಕ್ಷರ ನೋಡಿ ಹಳೆಯವನ್ನು ತೆಗೆಯುತ್ತಾರೆ. ಯುಗಿಯೋದಲ್ಲಿ ಹೀಗೆ ಹಳೆಯವು ಹೊರಹೋಗುವ ಸರದಿಯೇ ಇಲ್ಲ, ಆದರೆ ನಿಷೇಧ ಮತ್ತು ಮಿತಿಯ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಯಾವುದಕ್ಕೆ ಹೋದರೂ ಒಲೆ ಒಂದೇ.

ಎಲ್ಲವನ್ನೂ ಒಟ್ಟಿಗೆ ಮಾರಬೇಡಿ. ಮೊದಲು ಕಾರ್ಡುಗಳನ್ನು ಎರಡು ಗುಡ್ಡೆ ಮಾಡಿ. ಹಳೆಯ ಸೆಟ್‌ಗಳಿಗೂ ಅವಕಾಶವಿರುವ ಆಟಗಳಲ್ಲಿ ಬಳಕೆಯಾಗುವವು ಒಂದು ಕಡೆ. ಎರಡು ಬಣ್ಣದ ಮನಾ ಕೊಡುವ ಲ್ಯಾಂಡ್‌ಗಳು ಹೆಚ್ಚಾಗಿ ಈ ಗುಡ್ಡೆಗೇ ಸೇರುತ್ತವೆ, ಅವು ಇರಲಿ. ಸ್ಟ್ಯಾಂಡರ್ಡ್ ಬಿಟ್ಟರೆ ಬೇರೆಲ್ಲೂ ಯಾರೂ ಕೇಳದ ಕಾರ್ಡುಗಳು ಇನ್ನೊಂದು ಕಡೆ. ಇವನ್ನು ಸರದಿಯ ದಿನದವರೆಗೆ ಇಟ್ಟುಕೊಳ್ಳಬೇಡಿ, ದಿನಾಂಕ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಬೆಲೆ ತಿಂಗಳುಗಟ್ಟಲೆ ಮುಂಚೆಯೇ ಇಳಿಯತೊಡಗುತ್ತದೆ. ಅಂಗಡಿಯವರು ನಗದು ಕೊಡುವುದಕ್ಕಿಂತ ಅಂಗಡಿಯ ಲೆಕ್ಕದಲ್ಲಿ ಜಮಾ ಮಾಡಿಕೊಂಡರೆ ಹೆಚ್ಚು ಕೊಡುತ್ತಾರೆ. ಬಿಡುವುದು ಖಚಿತವಿದ್ದರೆ ಆ ಆಸೆಗೆ ಬೀಳದೆ ನಗದು ತೆಗೆದುಕೊಳ್ಳಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಮತ್ತೆ ಡೆಕ್ ಕಟ್ಟಿರುತ್ತೀರಿ.

ಇನ್ನೊಂದು ದಾರಿ ಕಮ್ಯಾಂಡರ್, ಮ್ಯಾಜಿಕ್‌ನದೇ ಬೇರೊಂದು ಬಗೆ. 100 ಕಾರ್ಡು, ಮೂಲ ಲ್ಯಾಂಡ್ ಬಿಟ್ಟು ಉಳಿದವು ಒಂದೊಂದೇ ಪ್ರತಿ, ಶುರುವಿಗೆ 40 ಜೀವಾಂಕ, ಸಾಮಾನ್ಯವಾಗಿ ನಾಲ್ಕು ಜನ. ಟೂರ್ನಮೆಂಟ್ ಬಿಟ್ಟವರಲ್ಲಿ ಬಹಳ ಮಂದಿ ಹೋಗಿ ಕೂತಿರುವುದು ಈ ಮೇಜಿಗೇ. ಅಲ್ಲಿಯೂ ಪೂರಾ ನೆಮ್ಮದಿಯಿಲ್ಲ: 2024ರ ಸೆಪ್ಟೆಂಬರಿನಲ್ಲಿ ಮನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್‌ನಂಥ ದುಬಾರಿ ಕಾರ್ಡುಗಳನ್ನು ನಿಷೇಧಿಸಿದಾಗ ಎಷ್ಟು ಗಲಾಟೆಯಾಯಿತೆಂದರೆ, ಅಲ್ಲಿಯವರೆಗೆ ನಿಯಮ ನೋಡಿಕೊಳ್ಳುತ್ತಿದ್ದ ಆಟಗಾರರ ಸಮಿತಿ ಆ ಹೊಣೆಯನ್ನೇ ಮ್ಯಾಜಿಕ್ ತಯಾರಿಸುವ ಕಂಪನಿಗೆ ಒಪ್ಪಿಸಿಬಿಟ್ಟಿತು.

ಪ್ರಶ್ನೆ: ಮೊದಲ ದೊಡ್ಡ ಟೂರ್ನಮೆಂಟಿನಲ್ಲೇ ಜಡ್ಜ್ ಶಿಕ್ಷೆ ಕೊಟ್ಟರು. ಮೋಸ ಮಾಡಿದವನಂತೆ ನೋಡಿದರು ಅನ್ನಿಸಿತು. ಮತ್ತೆ ಹೋಗಲು ಮನಸ್ಸಿಲ್ಲ. (ಬೆಂಗಳೂರು)

ಉತ್ತರ: ಹೀಗೆ ಬಿಟ್ಟವರು ಬಹಳ, ಇದರಲ್ಲಿ ತಪ್ಪು ಹೆಚ್ಚಾಗಿ ವ್ಯವಸ್ಥಾಪಕರದೇ. ಶುಕ್ರವಾರ ಸಂಜೆಯ ಅಂಗಡಿ ಆಟದಲ್ಲಿ ತಪ್ಪಾದರೆ ಜಡ್ಜ್ ಸರಿಪಡಿಸಿ, ತಿಳಿಸಿ ಹೇಳಿ ಮುಂದುವರಿಸುತ್ತಾರೆ. ‘ಕಾಂಪಿಟಿಟಿವ್’ ಮಟ್ಟದಲ್ಲಿ ಅದೇ ತಪ್ಪಿಗೆ ಎಚ್ಚರಿಕೆ, ಆಟ ನಷ್ಟ, ಪಂದ್ಯ ನಷ್ಟ ಎಂದು ಮೆಟ್ಟಿಲುಗಳಿವೆ. ಈ ವ್ಯತ್ಯಾಸವನ್ನು ಮೊದಲೇ ಹೇಳದೆ ಹೊಸಬರನ್ನು ಕೂರಿಸಿದರೆ ಅವಮಾನವಾದಂತೆ ಅನ್ನಿಸುವುದು ಸಹಜ.

ಹೊಸಬರು ಎಡವುವುದು ಹೆಚ್ಚಾಗಿ ನಾಲ್ಕು ಕಡೆ. ಬರೆದುಕೊಟ್ಟ ಡೆಕ್ ಪಟ್ಟಿಯಲ್ಲಿ 60ರ ಬದಲು 59 ಆಗಿರುವುದು: ಕಾರ್ಡು ಎದುರಿಗೆ ಹರಡಿಕೊಂಡು ಪಟ್ಟಿ ಬರೆಯಿರಿ, ನೆನಪಿನಿಂದ ಬರೆಯಬೇಡಿ. ತಡ: ಸುತ್ತು ಶುರುವಾದಾಗ ಕುರ್ಚಿಯಲ್ಲಿ ಇಲ್ಲದಿದ್ದರೆ ಒಂದು ಆಟ ಹೋಯಿತು, ಹತ್ತು ನಿಮಿಷವಾದರೆ ಪಂದ್ಯವೇ ಹೋಯಿತು. ಸ್ಲೀವ್: ಕೆಲವು ಕವರು ಹಳತು, ಕೆಲವು ಹೊಸತು ಇದ್ದರೆ ಹಿಂಬದಿಯಿಂದಲೇ ಕಾರ್ಡ್ ಗುರುತಾಗುತ್ತದೆ. ಡೆಕ್ 60, ಸೈಡ್‌ಬೋರ್ಡ್ (ಪಂದ್ಯದ ಆಟಗಳ ನಡುವೆ ಬದಲಿಸಿಕೊಳ್ಳುವ ಕಾರ್ಡು) 15, ಒಟ್ಟು 75. ನೂರರ ಒಂದೇ ಪ್ಯಾಕೆಟ್ ಒಡೆದು ಎಲ್ಲಕ್ಕೂ ಹೊಸದಾಗಿ ಹಾಕಿ, ಉಳಿದ 25ನ್ನು ಜೇಬಿನಲ್ಲಿಟ್ಟುಕೊಳ್ಳಿ. ಹೊಳೆಯುವ ಫಾಯಿಲ್ ಕಾರ್ಡುಗಳು ನಮ್ಮ ಮಳೆಗಾಲದ ತೇವಕ್ಕೆ ಬಿಲ್ಲಿನಂತೆ ಬಾಗಿ ಗುಡ್ಡೆಯಲ್ಲಿ ಎದ್ದು ಕಾಣುತ್ತವೆ, ಟೂರ್ನಮೆಂಟಿಗೆ ಸಾದಾ ಕಾರ್ಡೇ ಲೇಸು. ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು: ಸಮಯವಿಲ್ಲವೆಂದು ದಾಳ ಹಾಕಿ ಗೆದ್ದವರನ್ನು ನಿರ್ಧರಿಸುವುದು, ‘ನೀನು ಬಿಟ್ಟುಕೊಟ್ಟರೆ ಬಹುಮಾನದಲ್ಲಿ ಪಾಲು’ ಎನ್ನುವುದು. ಎದುರಾಳಿ ತಮಾಷೆಗೆ ಹೇಳಿದರೂ ತಕ್ಷಣ ಕೈ ಎತ್ತಿ ಜಡ್ಜ್‌ನನ್ನು ಕರೆಯಿರಿ.

ಪ್ರಶ್ನೆ: ಫೋನಿನಲ್ಲೇ ಅರೀನಾ (ಮ್ಯಾಜಿಕ್‌ನ ಆನ್‌ಲೈನ್ ರೂಪ) ಆಡಿದರೆ ಸಾಲದೇ? (ಶಿವಮೊಗ್ಗ)

ಉತ್ತರ: ಆಟ ಬೇಕೆಂದರೆ ಸಾಕು. ಕಾಯುವುದಿಲ್ಲ, ಒಂದು ಮುಗಿದ ಕೂಡಲೇ ಇನ್ನೊಂದು. ಆದರೆ ಅಲ್ಲಿನ ಕಾರ್ಡನ್ನು ಮಾರಲಾಗದು, ಬದಲಿಸಿಕೊಳ್ಳಲಾಗದು. ಎದುರಾಳಿಯ ಮುಖವೂ ಕಾಣದು.

ಪ್ರಶ್ನೆ: ತಿಂಗಳಿಗೊಮ್ಮೆ ಹದಿನಾರು ಮಂದಿಯ ಟೂರ್ನಮೆಂಟ್ ನಡೆಸುತ್ತೇವೆ. ಮೂರನೇ ಸುತ್ತಿಗೆ ಐದಾರು ಮಂದಿ ಎದ್ದು ಹೋಗುತ್ತಾರೆ, ಮುಂದಿನ ತಿಂಗಳು ಅವರು ಬರುವುದೇ ಇಲ್ಲ. (ಬೆಂಗಳೂರು)

ಉತ್ತರ: ಬಹುಮಾನವನ್ನು ಹೇಗೆ ಹಂಚುತ್ತೀರಿ ಎಂದು ಬರೆದಿಲ್ಲ, ಗಂಟು ಇರುವುದು ಅಲ್ಲೇ. ಹದಿನಾರು ಮಂದಿಗೆ ನಾಲ್ಕು ಸುತ್ತು ಸಾಕು, ಮೇಲೆ ನಾಕೌಟ್ ಬೇಡ. ನಾಲ್ಕು ಸುತ್ತೆಂದರೆ 32 ಪಂದ್ಯ, ಡ್ರಾ ಇಲ್ಲದಿದ್ದರೆ 32 ಗೆಲುವು. 32 ಪ್ಯಾಕ್ (ಒಡೆಯದ ಕಾರ್ಡ್ ಪೊಟ್ಟಣ) ತಂದು ಗೆಲುವಿಗೊಂದರಂತೆ ಕೊಡಿ. ಲೆಕ್ಕ ಹೀಗಾಗುತ್ತದೆ: ನಾಲ್ಕೂ ಗೆದ್ದವನು ಒಬ್ಬ, ಅವನಿಗೆ ನಾಲ್ಕು. ಮೂರು ಗೆದ್ದವರು ನಾಲ್ವರು, ಎರಡು ಗೆದ್ದವರು ಆರು ಮಂದಿ, ಒಂದು ಗೆದ್ದವರು ನಾಲ್ವರು. ಬರಿಗೈಯಲ್ಲಿ ಹೋಗುವವನು ಒಬ್ಬನೇ. ಅವನಿಗೂ ಒಂದು ಕೊಟ್ಟರೆ 33. ಇದೇ 32ನ್ನು ಮೊದಲ ನಾಲ್ವರಿಗೆ ಸುರಿದರೆ ಹನ್ನೆರಡು ಮಂದಿಗೆ ಏನೂ ಇಲ್ಲ, ಎರಡು ಸೋತವನು ಕೂತೇನು ಮಾಡಬೇಕು? ಗೆಲುವಿಗೊಂದು ಪ್ಯಾಕ್ ಎಂದರೆ ಕೊನೆಯ ಸುತ್ತಿನ ಕೊನೆಯ ಮೇಜಿನಲ್ಲೂ ಆಡಲು ಕಾರಣವಿರುತ್ತದೆ, ಮೇಲಿನ ಇಬ್ಬರು ಆಡದೆ ಡ್ರಾ ಎಂದು ಕೈಕುಲುಕುವುದೂ ಕಡಿಮೆಯಾಗುತ್ತದೆ. ಚಾಂಪಿಯನ್‌ಗಳು ಗೊಣಗುತ್ತಾರೆ. ಗೊಣಗಲಿ.

ಶುರುವಾಗುವ ಹೊತ್ತನ್ನಷ್ಟೇ ಅಲ್ಲ, ಮುಗಿಯುವ ಹೊತ್ತನ್ನೂ ಪೋಸ್ಟರಿನಲ್ಲಿ ಹಾಕಿ. ಹತ್ತಕ್ಕೆ ಶುರು ಎಂದು ಹೇಳಿ ಹನ್ನೊಂದೂವರೆಗೆ ಶುರುಮಾಡುವ ಅಂಗಡಿಗೆ ಮದುವೆಯಾದವರು ಎರಡನೇ ಸಲ ಬರುವುದಿಲ್ಲ. ಎರಡನೇ ಸುತ್ತಿನ ನಂತರ 40 ನಿಮಿಷ ಊಟಕ್ಕೆ ಬಿಡಿ. ಮುಚ್ಚಿದ ಕೋಣೆಯಲ್ಲಿ ಹದಿನಾರು ಜನ ಐದು ಗಂಟೆ ಕೂತರೆ ಬೆವರಿನ ವಾಸನೆ ತಡೆಯಲಾಗದು, ಕಿಟಕಿ ತೆರೆದು ಎರಡು ಫ್ಯಾನ್ ಹಾಕಿ. ಸಣ್ಣ ಮಾತಲ್ಲ ಇದು, ಎಷ್ಟೋ ಜನ ಬಾಯಿಬಿಟ್ಟು ಹೇಳದೆ ಬಿಡುವುದು ಇದೇ ಕಾರಣಕ್ಕೆ. ಎದ್ದು ಹೋಗುವವರು ಮುಂದಿನ ಜೋಡಿ ಪಟ್ಟಿ ಬರುವ ಮೊದಲೇ ಹೆಸರು ತೆಗೆಸಲಿ, ಇಲ್ಲದಿದ್ದರೆ ಇನ್ನೊಬ್ಬ ಖಾಲಿ ಕುರ್ಚಿಯ ಎದುರು ಕೂತು ಕಾಯಬೇಕಾಗುತ್ತದೆ. ಹೊರಡುವಾಗ ಅವರನ್ನು ‘ಏಕೆ’ ಎಂದು ಕೇಳಬೇಡಿ. ‘ಮುಂದಿನ ಸಲ ಎಷ್ಟು ಹೊತ್ತಿಗೆ ಮುಗಿದರೆ ಅನುಕೂಲ?’ ಎಂದು ಕೇಳಿ, ಗಂಟೆಯನ್ನು ಬರೆದಿಟ್ಟುಕೊಳ್ಳಿ.