ಇನಾಮಗಾಂವ್ ಮೂಳೆ: ಉತ್ತ ಎತ್ತೋ, ಕೊಯ್ದು ತಿಂದ ದನವೋ?

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪುರಾತನ ಹಳ್ಳಿ ಇನಾಮಗಾಂವ್‌ನಲ್ಲಿ ಅಗೆದಾಗ ಸಿಕ್ಕ ದನದ ಮೂಳೆ ಉಳುವ ಎತ್ತಿನದೋ, ಜನ ಕೊಯ್ದು ತಿಂದ ದನದ್ದೋ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ಎರಡೂ ಇರಬಹುದು ಸರ್, ಮುದಿ ಎತ್ತನ್ನೂ ಕೊನೆಗೆ ಕೊಯ್ದು ತಿಂದಿರಬಹುದಲ್ವಾ!

ಮೊದಲು ಹಲ್ಲು ನೋಡ್ತಾರೆ. ನಮ್ಮೂರ ದನದ ಸಂತೆಯಲ್ಲಿ ಬಾಯಿ ಬಿಡಿಸಿ ವಯಸ್ಸು ಹೇಳೋದಿಲ್ವೇ, ಅದೇ ವಿದ್ಯೆ. ಎಳೆಯವೇ ಹೆಚ್ಚಿದ್ದರೆ ಮಾಂಸಕ್ಕೆ ಸಾಕಿದ್ದು; ಹಲ್ಲು ಸವೆದವು ಹೆಚ್ಚಿದ್ದರೆ ಹಾಲಿಗೋ ನೊಗಕ್ಕೋ. ವರ್ಷಗಟ್ಟಲೆ ಭಾರ ಎಳೆದ ಎತ್ತಿನ ಪಾದದ ಮೂಳೆ ಅಗಲವಾಗಿ, ಅಂಚಲ್ಲಿ ಗಂಟುಗಂಟಾಗಿರುತ್ತೆ.

ಕೊಯ್ದು ತಿಂದಿದ್ದರೆ ಮೂಳೆ ಮೇಲೆ ಕತ್ತಿಯ ಗುರುತು ಉಳಿದಿರುತ್ತೆ, ಅಂದರೆ ಕೀಲಿನ ಹತ್ತಿರ ಸಣ್ಣ, ನೇರ ಗೀರು. ನಾಯಿ ಕಡಿದಿದ್ದರೆ ಗುಳಿ ಬೀಳುತ್ತೆ. ಭಾನುವಾರದ ಮಟನ್ ಮೂಳೆ ತೊಳೆದು ಬಿಸಿಲಿಗೆ ಓರೆಯಾಗಿ ಹಿಡಿಯಿರಿ, ಕಾಣುತ್ತೆ. (ಮನೆಯಲ್ಲಿ ಬೈದರೆ ನನ್ನ ಹೆಸರು ಹೇಳಬೇಡಿ.)

ಅಂದಹಾಗೆ ಅಲ್ಲಿ 1968ರಿಂದ 1983ರವರೆಗೆ ಅಗೆದವರು ನಮ್ಮ ಪುಣೆಯ ಡೆಕ್ಕನ್ ಕಾಲೇಜಿನವರೇ. ಯೆರವಡಾ ಕಡೆ ಬಂದರೆ ಅವರ ಮ್ಯೂಸಿಯಂಗೆ ಹೋಗಿ ಬನ್ನಿ.