ಪೆರೆನ್ನಿಸ್ ಅಂದರೆ ಶಾಶ್ವತವೇ?

ಓದುಗರ ಪತ್ರ: ನಮ್ಮೂರಿನ ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು ಈಚೆಗೆ ತೀರಿಕೊಂಡರು. ಗಿಡಗಳ ಲ್ಯಾಟಿನ್ ಹೆಸರುಗಳೆಂದರೆ ಅವರಿಗೆ ಪ್ರಾಣ. ಅವರು ಬೆಳೆಸಿದ ತೋಟದಲ್ಲೊಂದು ಕಲ್ಲು ನಿಲ್ಲಿಸಿ, 'ಮೆಮೋರಿಯ ಪೆರೆನ್ನಿಸ್' ಎಂದು ಕೆತ್ತಿಸಬೇಕೆಂದಿದ್ದೇವೆ. ಒಬ್ಬರು 'ಪೆರೆನ್ನೆ' ಎಂದಿರಬೇಕು ಅನ್ನುತ್ತಾರೆ. ಹುಲ್ಲಿನ ಬೀಜದ ಚೀಲದ ಮೇಲೆ 'ಲೋಲಿಯಂ ಪೆರೆನ್ನೆ' ಎಂದಿರುವುದನ್ನು ಅವರು ನೋಡಿದ್ದಾರೆ. ಇನ್ನೊಬ್ಬರ ಪ್ರಕಾರ ಆ ಪದಕ್ಕೆ 'ಶಾಶ್ವತ' ಎಂಬ ಅರ್ಥವೇ ಇಲ್ಲ, ಅದು ಬರೀ 'ಬಹುವಾರ್ಷಿಕ'. ಯಾರು ಹೇಳುವುದು ಸರಿ? ಆ ಪದ ಅಲ್ಲಿ ಸಲ್ಲುತ್ತದೆಯೇ?

ಸಂಪಾದಕರ ಉತ್ತರ: ವ್ಯಾಕರಣದ ಜಗಳವನ್ನು ಮೊದಲು ಮುಗಿಸೋಣ, ಅದು ಸುಲಭ. ಲ್ಯಾಟಿನ್‌ನಲ್ಲಿ ವಿಶೇಷಣವು ನಾಮಪದದ ಲಿಂಗವನ್ನು ಅನುಸರಿಸುತ್ತದೆ. ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಪೆರೆನ್ನಿಸ್, ನಪುಂಸಕಕ್ಕೆ ಪೆರೆನ್ನೆ. ಲೋಲಿಯಂ ನಪುಂಸಕ, ಆದ್ದರಿಂದ ಲೋಲಿಯಂ ಪೆರೆನ್ನೆ. ಡೇಸಿ ಹೂವಿನ ಬೆಲ್ಲಿಸ್ ಸ್ತ್ರೀಲಿಂಗ, ಆದ್ದರಿಂದ ಬೆಲ್ಲಿಸ್ ಪೆರೆನ್ನಿಸ್. ನೆನಪು ಎಂಬರ್ಥದ ಮೆಮೋರಿಯ ಕೂಡ ಸ್ತ್ರೀಲಿಂಗವೇ. ನೀವು ಬರೆದದ್ದು ಸರಿ.

ಅರ್ಥದ ವಿಚಾರ ಇಷ್ಟು ಬೇಗ ಮುಗಿಯುವಂಥದ್ದಲ್ಲ. 'ಪೆರ್' ಎಂದರೆ ಉದ್ದಕ್ಕೂ, ದಾಟಿಕೊಂಡು. 'ಆನ್ನುಸ್' ಎಂದರೆ ವರ್ಷ. ಎರಡೂ ಕೂಡಿದಾಗ ನಡುವಿನ ಸ್ವರ ಬದಲಾಗಿ ಪೆರೆನ್ನಿಸ್ ಆಗುತ್ತದೆ. ವರ್ಷದುದ್ದಕ್ಕೂ ಇರುವುದು, ವರ್ಷವನ್ನು ದಾಟಿ ಉಳಿಯುವುದು ಎಂಬುದು ಅದರ ಬೇರಿನ ಅರ್ಥ. ಇದೇ ಬೇರಿನ 'ಪೆರಾನ್ನಾರೆ' ಎಂಬ ಕ್ರಿಯಾಪದವನ್ನು ರೋಮನ್ ಚರಿತ್ರೆಕಾರ ಸ್ವೆಟೋನಿಯಸ್ ಬಳಸಿರುವುದನ್ನು ನೋಡಿದರೆ ಮನಸ್ಸು ಕಲಕುತ್ತದೆ. ಚಕ್ರವರ್ತಿ ವೆಸ್ಪಾಸಿಯನ್‌ನ ತಾಯಿ ಹೆತ್ತಾಗಲೆಲ್ಲ ಮನೆತನದ ಹಳೆಯ ಓಕ್ ಮರ ಒಂದೊಂದು ಕೊಂಬೆ ಚಿಗುರಿಸಿತಂತೆ. ಮೊದಲನೆಯದು ಬಡಕಲಾಗಿದ್ದು ಬೇಗ ಒಣಗಿತು; ಆಗ ಹುಟ್ಟಿದ ಹೆಣ್ಣುಮಗು 'ಪೆರಾನ್ನಾರೆ' ಮಾಡಲಿಲ್ಲ, ಅಂದರೆ ವರ್ಷ ದಾಟಲಿಲ್ಲ. ಮಗುವಿಗೆ ವರ್ಷ ತುಂಬಿತೆಂದು ಹಿರಿಯರು ನಿಟ್ಟುಸಿರು ಬಿಡುವುದನ್ನು ಕಂಡವರಿಗೆ ಈ ಪದದ ಭಾರ ಗೊತ್ತು.

ಈ ಪದಕ್ಕೆ ರೋಮನ್ನರಲ್ಲಿ ಒಬ್ಬ ದೇವತೆಯೇ ಇದ್ದಳು, ಆನ್ನಾ ಪೆರೆನ್ನಾ. ಅವಳ ಹಬ್ಬ ಮಾರ್ಚ್ 15ಕ್ಕೆ. ಹಳೆಯ ರೋಮನ್ ವರ್ಷ ಶುರುವಾಗುತ್ತಿದ್ದುದು ಮಾರ್ಚ್‌ನಲ್ಲಿ. ಆ ದಿನ ಜನ ಟೈಬರ್ ನದಿಯ ಬಳಿ ಹುಲ್ಲಿನ ಮೇಲೆ ಕೂತು, ಕುಡಿದ ಬಟ್ಟಲುಗಳಷ್ಟು ವರ್ಷ ಆಯುಸ್ಸು ಸಿಗಲೆಂದು ಎಣಿಸಿ ಎಣಿಸಿ ಕುಡಿಯುತ್ತಿದ್ದರು ಎಂದು ಕವಿ ಓವಿಡ್ ಬರೆದಿದ್ದಾನೆ. ಈ ವರ್ಷವನ್ನು ಬಾಳಿ, ಸುಖವಾಗಿ ದಾಟುವಂತಾಗಲಿ ಎಂಬುದು ಅವಳಲ್ಲಿ ಮಾಡುತ್ತಿದ್ದ ಪ್ರಾರ್ಥನೆ. ಅವಳ ಹೆಸರಿನ ಕಾರಂಜಿಯ ಅವಶೇಷ 1999ರಲ್ಲಿ ರೋಮ್ ನಗರದಲ್ಲೇ ನೆಲದಡಿ ಸಿಕ್ಕಿತು. ಅಲ್ಲಿ ಯಾರೂ ಅಮರತ್ವ ಬೇಡುತ್ತಿರಲಿಲ್ಲ. ಇನ್ನೊಂದು ವರ್ಷ, ಮತ್ತೊಂದು ವರ್ಷ, ಅಷ್ಟೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಬಳಕೆ ಇರುವುದು ಕಾವ್ಯದಲ್ಲಲ್ಲ, ಕಾನೂನಿನಲ್ಲಿ. ರೋಮನ್ ಕಾನೂನು ನದಿಗಳನ್ನು ಎರಡಾಗಿ ವಿಂಗಡಿಸಿತ್ತು: ಸದಾ ಹರಿಯುವುದು ಪೆರೆನ್ನೆ, ಮಳೆ ಬಂದಾಗ ಮಾತ್ರ ಉಕ್ಕಿ ಆಮೇಲೆ ಬತ್ತುವ ಹಳ್ಳ ಟೊರೆನ್ಸ್. ಇದು ಬರೀ ಹೆಸರಿನ ಪ್ರಶ್ನೆ ಆಗಿರಲಿಲ್ಲ. ಪೆರೆನ್ನೆ ಆದ ನದಿ ಸಾರ್ವಜನಿಕರದ್ದು ಎಂದು ಕ್ಯಾಸಿಯಸ್ ಎಂಬ ನ್ಯಾಯಶಾಸ್ತ್ರಜ್ಞ ವ್ಯಾಖ್ಯಾನಿಸಿದ್ದ. ಹಾಗಾದರೆ ಒಂದು ವರ್ಷ ಬರಗಾಲ ಬಂದು ನದಿ ಒಣಗಿದರೆ? ಅದರ ಮೇಲಿನ ಸಾರ್ವಜನಿಕರ ಹಕ್ಕು ಹೋಯಿತೇ? ಮೂರನೇ ಶತಮಾನದ ಆರಂಭದಲ್ಲಿದ್ದ ಉಲ್ಪಿಯನ್ ಇದಕ್ಕೆ ಕೊಟ್ಟ ಉತ್ತರ ಚಕ್ರವರ್ತಿ ಜಸ್ಟಿನಿಯನ್‌ನ 533ರ ನ್ಯಾಯಸಂಗ್ರಹದಲ್ಲಿ ಉಳಿದಿದೆ. ಉಳಿದಂತೆ ಸದಾ ಹರಿಯುವ ನದಿ ಯಾವುದೋ ಒಂದು ಬೇಸಿಗೆಯಲ್ಲಿ ಬತ್ತಿತೆಂದ ಮಾತ್ರಕ್ಕೆ ಅದು ಪೆರೆನ್ನೆ ಅಲ್ಲದೆ ಹೋಗುವುದಿಲ್ಲ ಎನ್ನುತ್ತಾನೆ ಅವನು. ನಮ್ಮ ಶಾಲೆಯ ಪುಸ್ತಕಗಳು ಜೀವನದಿ ಎಂದು ಕಲಿಸುವುದೂ ಇಂಥ ನದಿಯನ್ನೇ. ಉಲ್ಪಿಯನ್‌ನ ಆ ವಾಕ್ಯ ಓದಿದಾಗಿನಿಂದ ನನಗೆ 'ಶಾಶ್ವತ' ಎಂಬ ಅನುವಾದ ಒಪ್ಪಿಗೆಯಾಗಿಲ್ಲ. ಶಾಶ್ವತವಾದದ್ದು ಒಂದು ದಿನವೂ ಇಲ್ಲವಾಗುವಂತಿಲ್ಲ. ಪೆರೆನ್ನಿಸ್ ಆದದ್ದು ಒಂದು ಬೇಸಿಗೆ ಸೋತು ಮತ್ತೆ ಬರಬಹುದು. ಸೋಲಿಗೆ ಜಾಗ ಇಟ್ಟುಕೊಂಡ ಬಾಳಿಕೆ ಅದು.

ಗಿಡಗಳ ಲೋಕದಲ್ಲೂ ಹೀಗೆಯೇ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ 1753ರ ತನ್ನ ಗ್ರಂಥದಲ್ಲಿ ಗಿಡದ ಆಯುಸ್ಸನ್ನು ಗ್ರಹಗಳ ಚಿಹ್ನೆಯಿಂದ ಸೂಚಿಸಿದ: ಒಂದೇ ವರ್ಷದ್ದಕ್ಕೆ ಸೂರ್ಯ, ಎರಡು ವರ್ಷದ್ದಕ್ಕೆ ಮಂಗಳ, ಪೆರೆನ್ನಿಸ್ ಆದದ್ದಕ್ಕೆ ಗುರು, ಕಾಂಡ ಗಟ್ಟಿಯಾದ ಮರ ಪೊದೆಗಳಿಗೆ ಶನಿ. ಮಂಗಳ ಸೂರ್ಯನನ್ನು ಒಂದು ಸುತ್ತು ಹಾಕಲು ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ, ಗುರುವಿಗೆ ಸುಮಾರು 12, ಶನಿಗೆ 29ಕ್ಕೂ ಹೆಚ್ಚು ವರ್ಷ. ಗುರುಬಲ, ಶನಿಕಾಟಗಳ ಲೆಕ್ಕ ಕೇಳುತ್ತ ಬೆಳೆದ ನಮಗೆ ಈ ಸಂಕೇತ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮೇಷ್ಟ್ರು ಇದನ್ನು ಮಕ್ಕಳಿಗೆ ಹೇಳಿರಲಿಕ್ಕೂ ಸಾಕು. ಪೆರೆನ್ನಿಸ್ ಎಂಬ ಹೆಸರಿಟ್ಟ ಗಿಡ ಎಂದೂ ಸಾಯದು ಎಂದು ಲಿನಿಯಸ್ ಹೇಳಲಿಲ್ಲ, ಅದು ವರ್ಷಗಳನ್ನು ದಾಟುತ್ತದೆ ಎಂದ. ಸದಾ ಹಸಿರಾಗಿರುವುದಕ್ಕೆ ಬೇರೆಯೇ ಪದವಿದೆ, ಸೆಂಪರ್‌ವೈರೆನ್ಸ್. ನಾವು ನಿತ್ಯಹರಿದ್ವರ್ಣ ಅನ್ನುತ್ತೇವೆ. ಬಹುವಾರ್ಷಿಕ ಗಿಡ ಹಸಿರನ್ನು ಕಳೆದುಕೊಳ್ಳಬಹುದು. ಶುಂಠಿಯನ್ನೇ ನೋಡಿ, ಎಲೆಯೆಲ್ಲ ಒಣಗಿ ಬಿದ್ದಮೇಲೂ ನೆಲದೊಳಗೆ ಗಡ್ಡೆ ಜೀವ ಹಿಡಿದಿರುತ್ತದೆ.

ಹಾಗಾದರೆ ಎಂದೆಂದಿಗೂ ಎಂಬರ್ಥ ಈ ಪದಕ್ಕೆ ಎಲ್ಲಿಂದ ಅಂಟಿತು? ಬಹುಪಾಲು ರೋಮನ್ ಕವಿ ಹೊರೇಸ್‌ನಿಂದ. ಕ್ರಿ.ಪೂ. 23ರಲ್ಲಿ ಹೊರಬಂದ ತನ್ನ 'ಓಡ್' ಎಂಬ ಗೀತೆಗಳ ಮೂರನೇ ಪುಸ್ತಕದ ಕೊನೆಯಲ್ಲಿ ಅವನು 'ಎಕ್ಸೇಗಿ ಮೊನುಮೆಂಟುಂ ಐರೆ ಪೆರೆನ್ನಿಯುಸ್' ಎಂದು ಘೋಷಿಸಿದ. ಇಲ್ಲಿರುವುದು ತರತಮ ರೂಪ. ಕಂಚಿಗಿಂತ ಶಾಶ್ವತ ಎಂದು ಅನುವಾದಿಸಿದರೆ ಮಾತು ಕೆಡುತ್ತದೆ, ಶಾಶ್ವತದಲ್ಲಿ ಹೆಚ್ಚು ಕಡಿಮೆ ಎಲ್ಲಿಯದು? ನಾನಾದರೆ 'ಕಂಚಿಗಿಂತ ಬಾಳಿಕೆ ಬರುವ ಸ್ಮಾರಕವೊಂದನ್ನು ಕಟ್ಟಿ ಮುಗಿಸಿದೆ' ಎನ್ನುತ್ತೇನೆ. ಬಾಳಿಕೆಯಲ್ಲಿ ಬಾಳೂ ಇದೆ, ಕಾಲದ ಅಳತೆಯೂ ಇದೆ. ಹೊರೇಸ್ ಕೂಡ ಅಳತೆ ಕೊಟ್ಟೇ ಮಾತಾಡಿದ್ದಾನೆ: ಪುರೋಹಿತನು ವೆಸ್ಟಾ ದೇವತೆಯ ಸೇವೆಗೆ ನಿಂತ ಮೌನಿಯಾದ ವೆಸ್ಟಲ್ ಕನ್ಯೆಯೊಂದಿಗೆ ಪೂಜೆಗೆಂದು ರೋಮ್‌ನ ಕ್ಯಾಪಿಟೋಲ್ ಬೆಟ್ಟ ಹತ್ತುತ್ತಿರುವವರೆಗೆ ನನ್ನ ಕೀರ್ತಿ ಬೆಳೆಯುತ್ತದೆ ಎಂದು. ಅದೇ ಬೆಟ್ಟದ ಮೇಲೆ ರೋಮನ್ನರ ಶಾಸನಗಳ ಕಂಚಿನ ಫಲಕಗಳಿದ್ದವು. ಕ್ರಿ.ಶ. 69ರ ಬೆಂಕಿಯಲ್ಲಿ ಅವುಗಳಲ್ಲಿ 3000 ಸುಟ್ಟುಹೋದವು, ವೆಸ್ಪಾಸಿಯನ್ ಪ್ರತಿ ಹುಡುಕಿಸಿ ಮತ್ತೆ ಮಾಡಿಸಬೇಕಾಯಿತು. ಕವಿತೆ ಬರೆದು ಆಗಿನ್ನೂ ನೂರು ವರ್ಷ ತುಂಬಿರಲಿಲ್ಲ. ಮುಂದೆ ಆ ಪೂಜೆಯೂ ನಿಂತಿತು. ಕವಿತೆ ಅವನು ಕೇಳಿಕೊಂಡ ಗಡುವನ್ನೂ ದಾಟಿ ನಮ್ಮವರೆಗೆ ಬಂದಿದೆ.

ಆಮೇಲಿನವರು ಪದವನ್ನು ಇನ್ನಷ್ಟು ಎತ್ತರಕ್ಕೆ ಏರಿಸಿದರು. 1540ರಲ್ಲಿ ಇಟಲಿಯ ವಿದ್ವಾಂಸ ಅಗೊಸ್ಟಿನೊ ಸ್ಟೆಯುಕೊ, ಸೃಷ್ಟಿಯ ಆರಂಭದಿಂದ ಹರಿದುಬಂದ ಒಂದೇ ಜ್ಞಾನಕ್ಕೆ 'ಪೆರೆನ್ನಿಸ್' ತತ್ತ್ವಶಾಸ್ತ್ರ ಎಂಬ ಹೆಸರು ಕೊಟ್ಟ. ಅಲ್ಲಿ ಆ ಪದ ಸನಾತನ ಎಂಬುದರ ಹತ್ತಿರ ಹತ್ತಿರ ಹೋಗುತ್ತದೆ. ಆದ್ದರಿಂದ ನಿಮ್ಮ ಎರಡನೇ ಸ್ನೇಹಿತರು ಹೇಳುವಂತೆ ಅದು 'ಬರೀ' ಬಹುವಾರ್ಷಿಕ ಎಂದೂ ನಾನು ಹೇಳಲಾರೆ.

ಇನ್ನು ಕಲ್ಲಿನ ಮಾತು. ಎಂದೆಂದಿಗೂ ಎಂದೇ ಹೇಳಬೇಕಿದ್ದರೆ ಲ್ಯಾಟಿನ್‌ನಲ್ಲಿ 'ಐಟೆರ್ನುಸ್' ಇದೆ. ರೋಮನ್ನರ ಎಷ್ಟೋ ಗೋರಿಗಳ ಮೇಲೆ 'ಮೆಮೋರಿಯೈ ಐಟೆರ್ನೈ', ಶಾಶ್ವತ ನೆನಪಿಗೆ, ಎಂದೇ ಕೆತ್ತಿದೆ. 'ಪೆರ್ಪೆತುಯುಸ್' ಬೇಡ. ಅದು ತುಂಡಾಗದೆ ಸಾಗುವುದನ್ನು ಹೇಳುವ ಪದ, ಅಧಿಕಾರಕ್ಕೆ ಹೆಚ್ಚು ಒಗ್ಗಿದ್ದು. ಜೂಲಿಯಸ್ ಸೀಸರ್ ಆಜೀವ ಸರ್ವಾಧಿಕಾರಿಯಾದದ್ದು ಆ ಪದದಿಂದಲೇ. ತೋಟ ಬೆಳೆಸಿದ ಮೇಷ್ಟ್ರಿಗೆ ನನ್ನ ಮತ ಪೆರೆನ್ನಿಸ್‌ಗೆ. ಅವರು ದಿನವೂ ಬಾಯಲ್ಲಿ ಆಡಿದ ಪದ ಅದು. ಅವರ ವಿದ್ಯಾರ್ಥಿಗಳು ಅವರನ್ನು ಪ್ರತಿದಿನ ನೆನೆಯಲಿಕ್ಕಿಲ್ಲ, ಒಂದೆರಡು ವರ್ಷ ಮರೆತೂ ಇರಬಹುದು. ಹೆಸರು ಗೊತ್ತಿಲ್ಲದ ಗಿಡವೊಂದು ಎದುರಾದಾಗ ಮತ್ತೆ ನೆನೆಯುತ್ತಾರೆ. ಉಲ್ಪಿಯನ್‌ನ ಲೆಕ್ಕದಲ್ಲಿ ಆ ನೆನಪೂ ಪೆರೆನ್ನಿಸ್.

ಕಲ್ಲಿನಲ್ಲಿ ಅದರಡಿ ಕನ್ನಡವೂ ಇರಲಿ. 'ಬತ್ತದ ನೆನಪು' ಎಂದರೆ ಸಾಕು, 'ಶಾಶ್ವತ ಸ್ಮರಣೆ' ಬೇಡ. ಪೆರೆನ್ನಿಸ್ ಓದುವಾಗ ಒತ್ತು ನಡುವಿನ 'ರೆನ್' ಮೇಲೆ ಬೀಳಬೇಕು. ಕೆತ್ತುವವರಿಗೆ ರೋಮನ್ ಅಕ್ಷರಗಳನ್ನು ದೊಡ್ಡದಾಗಿ ಬರೆದುಕೊಡಿ: ಆ ಪದದಲ್ಲಿ ಆರ್ ಒಂದೇ, ಎನ್ ಎರಡು.