ಚರ್ಚಾಕೂಟದಲ್ಲಿ ಕಿರಿಯರು ಬಾಯಿ ಬಿಡದಿದ್ದರೆ

ಅಭಿವೃದ್ಧಿ ಅರ್ಥಶಾಸ್ತ್ರದ ನಿಮ್ಮ ವಾರದ ಕೂಟದಲ್ಲಿ ಕಿರಿಯ ಸಂಶೋಧಕರು ಮಾತನಾಡುವುದಿಲ್ಲ, ಏನು ಮಾಡುವುದು ಎಂದು ಕೇಳಿದ್ದೀರಿ. ಅವರು ಸುಮ್ಮನಿರುವುದು ಅಂಜಿಕೆಯಿಂದಲ್ಲ. ಪ್ರಾಧ್ಯಾಪಕರು ಮೊದಲೇ ಮಾತನಾಡಿಬಿಡುವುದರಿಂದ ಇರಬೇಕು. ಮೊದಲು ಸರದಿಯನ್ನು ತಿರುಗಿಸಿ: ಹೊಸಬರು ಮುಂದೆ, ಮಾರ್ಗದರ್ಶಕರು ಕೊನೆಗೆ. ಅಧ್ಯಕ್ಷತೆ ಯಾರದೆಂದು ಪ್ರತಿ ವಾರ ಚೀಟಿ ಎತ್ತಿ. ಆ ವಾರ ಚರ್ಚಿಸುವ ಪ್ರಬಂಧದ ಎರಡು ಪುಟದ ಕನ್ನಡ ಸಾರಾಂಶ ಮೂರು ದಿನ ಮುಂಚೆ ಎಲ್ಲರ ಕೈಸೇರಲಿ. ನಮ್ಮ ಕೂಟದಲ್ಲಿ ಅರ್ಧ ಮೌನಕ್ಕೆ ಇಂಗ್ಲಿಷೇ ಕಾರಣವಾಗಿತ್ತು.

ಆಮೇಲೆ ಎಲ್ಲರಿಗೂ ನಿಲುಕುವ ವಿಷಯ ಹಿಡಿಯಿರಿ. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯ 2002ರ ವರದಿ, ತಾಲ್ಲೂಕುಗಳ ಅಭಿವೃದ್ಧಿಯನ್ನು ಒಂದು ಸೂಚ್ಯಂಕದಿಂದ ಅಳೆದು, ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತ್ತು. ಪ್ರತಿಯೊಬ್ಬರೂ ತಮ್ಮ ತಾಲ್ಲೂಕನ್ನು ಆ ಸೂಚ್ಯಂಕದೊಂದಿಗೆ ಹೋಲಿಸಿ ತಕರಾರು ತೆಗೆಯಲಿ. ಅವರವರ ಊರಿನ ವಿಷಯ ಬಂದಾಗ ಪ್ರಾಧ್ಯಾಪಕರೂ ಕೇಳುಗರೇ!

ಜಂಟಿ ಲೇಖನವಾದರೆ ಹೆಸರುಗಳ ಕ್ರಮವನ್ನು ಕೆಲಸಕ್ಕೆ ಮೊದಲೇ ಬರೆದಿಡಿ. ಹಿರಿಯರು ಒಪ್ಪುತ್ತಾರೋ ಇಲ್ಲವೋ, ಹೇಳಲಾರೆ. ಆರು ವಾರದ ಪ್ರಯೋಗವೆಂದು ಕೇಳಿ ನೋಡಿ.